ಅಡಿಗಲ್ಲಿನ ಸೊಂಟದ ಮೇಲಿನ ಮೂರು ಅಂಕಿ

(ಹಳೆಯ ಕೈ ಸಲಕರಣೆಗಳ ಬಗ್ಗೆ ಆಸಕ್ತಿ ಇರುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ತಪ್ಪಿದ ಕಡೆ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮರದ ಕೊರಡಿನ ಮೇಲೆ ಅಡಿಗಲ್ಲು ಕೂತಿದೆಯಲ್ಲ, ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುವ ದಿಂಡು, ಇದನ್ನು ಇಬ್ಬರು ಸೇರಿ ಕಾರಿನಿಂದ ಇಳಿಸಿದೆವು. 71 ಕಿಲೋ ಇದೆ. ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಹಳೆ ಕಬ್ಬಿಣದ ರೇಟಿಗೆ, ಕಿಲೋ ಲೆಕ್ಕದಲ್ಲೇ ಕೊಂಡೆ. ತೂಕ ಹಾಕುವಾಗ ಅಂಗಡಿಯವರು ಇದರ ಸೊಂಟದ ಮೇಲೆ, ಅಂದರೆ ನಡುವಿನ ಸಣ್ಣಗಾದ ಭಾಗದ ಮೇಲೆ, ಬೆರಳಿಟ್ಟು ತೋರಿಸಿದರು. ತುಕ್ಕಿನ ನಡುವೆ ಮೂರು ಅಂಕಿಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು: 1, 1, 19. "ನೋಡಿ ಸಾರ್, ತಾರೀಖು ಹಾಕಿದಾರೆ. 1919ನೇ ಇಸವಿ, ಜನವರಿ ಒಂದು" ಅಂದರು. ನಾನೂ ನಂಬಿದೆ. ಆರು ತಿಂಗಳು ಮನೆಗೆ ಬಂದವರಿಗೆಲ್ಲ ಹಾಗೇ ಹೇಳಿದೆ.

ಅದು ತಾರೀಖಲ್ಲ, ತೂಕ. ಅದು ಗೊತ್ತಾದ ದಿನದಿಂದ ನನಗೆ ಅಡಿಗಲ್ಲಿನ ಹುಚ್ಚು ಹಿಡಿಯಿತು. ಹಳೆಯ ಅಡಿಗಲ್ಲು ತನ್ನ ಊರು, ತನ್ನನ್ನು ಮಾಡಿದವರ ಹೆಸರು, ಮಾಡಿದ ರೀತಿ ಎಲ್ಲವನ್ನೂ ಮೈಮೇಲೇ ಹೊತ್ತಿರುತ್ತದೆ. ನಾವು ಅದನ್ನು ಉಜ್ಜಿ ಹಾಳು ಮಾಡುವ ಮೊದಲು ಓದಬೇಕು, ಅಷ್ಟೇ. ಇವತ್ತು ಆ ಓದುವ ಕೆಲಸದ ಬಗ್ಗೆ ಮಾತಾಡುತ್ತೇನೆ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ನಾವು ಅಡಿಗಲ್ಲು, ಅಡೆಗಲ್ಲು ಅನ್ನುತ್ತೇವೆ. ತಮಿಳಿನಲ್ಲಿ ಅಡೈಕಲ್, ಮಲಯಾಳದಲ್ಲಿ ಅಡಕಲ್ಲ್. ಮೂರರಲ್ಲೂ ಕಲ್ಲು ಇದೆ. ಕಬ್ಬಿಣದ ದಿಂಡನ್ನು ಕಣ್ಣೆದುರು ಇಟ್ಟುಕೊಂಡು ಕಲ್ಲು ಅನ್ನುತ್ತಿದ್ದೇವೆ ಅಂದರೆ, ಒಂದು ಕಾಲದಲ್ಲಿ ಕಲ್ಲಿನ ಮೇಲೇ ಬಡಿಯುತ್ತಿದ್ದ ನೆನಪು ಮಾತಿನಲ್ಲಿ ಉಳಿದಿದೆ. ನಮ್ಮ ಹಳ್ಳಿಯ ಕುಲುಮೆಗಳ ಅಡಿಗಲ್ಲು ಚಿಕ್ಕದು, ಚೌಕದ ದಿಂಡು, ಪಕ್ಕಕ್ಕೆ ಚೂಪಾಗಿ ಚಾಚಿದ ಕೊಂಬಿಲ್ಲ. ನೆಲದಲ್ಲೋ ಮರದ ಕೊರಡಿನಲ್ಲೋ ಹೂತಿರುತ್ತದೆ. ಕಮ್ಮಾರರು ಕುಕ್ಕರಗಾಲಲ್ಲಿ ಕೂತು ಬಡಿಯುತ್ತಾರೆ. ಈಗ ಎಷ್ಟೋ ಕಡೆ ರೈಲು ಹಳಿಯ ತುಂಡೇ ಅಡಿಗಲ್ಲು. ನನ್ನ ಮುಂದಿರುವುದು ಬೇರೆ ಜಾತಿ. ನಿಂತು ಬಡಿಯುವವರಿಗೆ ಮಾಡಿದ್ದು. ಒಂದು ಕಡೆ ಕೊಂಬು, ಕೊಂಬಿನ ಬುಡದಲ್ಲಿ ಒಂದು ಮೆಟ್ಟಿಲು, ಆಮೇಲೆ ಚಪ್ಪಟೆ ಮುಖ. ಹಿಂಬದಿಯಲ್ಲಿ ಎರಡು ತೂತು, ಒಂದು ಚೌಕ, ಒಂದು ದುಂಡು. ಈ ಆಕಾರಕ್ಕೆ ಲಂಡನ್ ಪ್ಯಾಟರ್ನ್ ಅಂತ ಹೆಸರು.

ಈಗ ಅಂಕಿಗಳಿಗೆ ಬರೋಣ. ಇಂಗ್ಲಿಷರ ಹಳೆಯ ತೂಕದಲ್ಲಿ ಹಂಡ್ರೆಡ್‌ವೇಟ್ ಅಂತ ಒಂದಿತ್ತು. ಹೆಸರಿನಲ್ಲಿ ನೂರು ಇದ್ದರೂ ಅದು 112 ಪೌಂಡ್. ಅದರ ಕಾಲು ಭಾಗ 28 ಪೌಂಡ್. ಅಡಿಗಲ್ಲಿನ ಮೊದಲ ಅಂಕಿ ಎಷ್ಟು ಹಂಡ್ರೆಡ್‌ವೇಟ್, ಎರಡನೆಯದು ಎಷ್ಟು ಕಾಲು, ಮೂರನೆಯದು ಉಳಿದ ಪೌಂಡ್. ನನ್ನದು 1, 1, 19. ಅಂದರೆ 112, ಅದಕ್ಕೆ 28, ಅದಕ್ಕೆ 19. ಒಟ್ಟು 159 ಪೌಂಡ್. ಕಿಲೋ ಲೆಕ್ಕದಲ್ಲಿ 72ಕ್ಕೆ ಚೂರು ಜಾಸ್ತಿ. ಗುಜರಿಯ ತಕ್ಕಡಿ 71 ತೋರಿಸಿತ್ತು. ಒಂದು ಕಿಲೋ ಎಲ್ಲಿ ಹೋಯಿತು? ಇಲ್ಲಿ ಬಂದು ಈ ಅಂಚು ಮುಟ್ಟಿ ನೋಡಿ. ಚಕ್ಕೆ ಎದ್ದಿದೆ. ಮುಖದ ನಡುವೆ ಒಂದು ಸ್ಕೇಲ್ ಇಟ್ಟರೆ ಕೆಳಗೆ ಬೆಳಕು ಕಾಣುತ್ತದೆ, ಅಷ್ಟು ತಗ್ಗಾಗಿದೆ. ಉಳಿದದ್ದು ತುಕ್ಕಾಗಿ ಉದುರಿದೆ. ಸವೆದ ಮೇಲೂ ಲೆಕ್ಕ ಇಷ್ಟು ಹತ್ತಿರ ಬಂದಾಗ ನನಗೆ ಆದ ಖುಷಿ ಹೇಳಲಾರೆ.

ಇದರಲ್ಲಿ ಒಂದು ಒಳ್ಳೆ ಗುಟ್ಟಿದೆ. ಎರಡನೇ ಅಂಕಿ ಯಾವತ್ತೂ 3 ದಾಟಲ್ಲ, ಯಾಕೆಂದರೆ ನಾಲ್ಕು ಕಾಲು ಸೇರಿದರೆ ಒಂದು ಪೂರ್ತಿ ಹಂಡ್ರೆಡ್‌ವೇಟ್ ಆಗುತ್ತದೆ. ಮೂರನೆಯದು 27 ದಾಟಲ್ಲ, 28 ಆದರೆ ಅದೇ ಒಂದು ಕಾಲು. ಮೂರು ಅಂಕಿ ಬಿಡಿಬಿಡಿಯಾಗಿದ್ದು, ಈ ಮಿತಿಯೊಳಗಿದ್ದು, ಕೂಡಿದ ಮೊತ್ತ ತಕ್ಕಡಿಗೆ ಹತ್ತಿರ ಬಂದರೆ ನಿಮ್ಮ ಅಡಿಗಲ್ಲು ಇಂಗ್ಲೆಂಡಿನದು ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು. ಅಮೆರಿಕದವರು ಸುಮ್ನೆ ಪೌಂಡಿನಲ್ಲೇ ಒಂದೇ ಸಂಖ್ಯೆ ಹಾಕುತ್ತಿದ್ದರು. ಜರ್ಮನಿಯ ಕಡೆಯದಾದರೆ ಕಿಲೋ. ಹಾಗಾಗಿ ಹೆಸರು ಹುಡುಕುವ ಮೊದಲು ತಕ್ಕಡಿಗೆ ಹಾಕಿ. ಹೆಸರು ಅಳಿಸಿ ಹೋಗಿದ್ದರೂ ಅಂಕಿ ಉಳಿದಿರುವುದು ಜಾಸ್ತಿ, ಅವುಗಳನ್ನು ಆಳವಾಗಿ ಹೊಡೆದಿರುತ್ತಾರೆ.

ಇನ್ನು ಹೆಸರು. ಇದನ್ನು ತಂದಾಗ ಸೊಂಟದ ಮೇಲ್ಭಾಗದಲ್ಲಿ ಬರೀ ತುಕ್ಕು, ಹಳೇ ಬಣ್ಣ, ಜಿಡ್ಡು. ನಾನು ಮಾಡಿದ್ದು ಇಷ್ಟು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಎರಡು ದಿನ ಸುತ್ತಿಟ್ಟೆ. ಆಮೇಲೆ ಕೈಯಿಂದಲೇ ತಂತಿ ಬ್ರಷ್ ಹಾಕಿದೆ, ಮೆಷಿನ್ ಮುಟ್ಟಲಿಲ್ಲ. ಚೆನ್ನಾಗಿ ಒರೆಸಿ ಒಣಗಿಸಿದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಮೈಗೆ ಅಂಟಿಕೊಂಡ ಹಾಗೆ ಪಕ್ಕದಿಂದ ಹಿಡಿದೆ. ನೇರ ಬೆಳಕಿನಲ್ಲಿ ಏನೂ ಕಾಣದ ಜಾಗದಲ್ಲಿ ಓರೆ ಬೆಳಕು ಬಿದ್ದಾಗ ಸಣ್ಣ ತಗ್ಗುಗಳಿಗೆಲ್ಲ ನೆರಳು ಬರುತ್ತದೆ. ಮೊದಲು ಕಂಡದ್ದು ಟಿ, ಇ, ಆರ್. ಅದರ ಕೆಳಗೆ ಆರ್, ಐ, ಜಿ. ಇನ್ನೂ ಕೆಳಗೆ ಒಂದು ವೃತ್ತದ ಕಮಾನು, ಅದರೊಳಗೆ ಎಸ್, ಓ, ಎಲ್.

ಅಷ್ಟು ಕಂಡ ಮೇಲೆ ಅಕ್ಕಿ ಹಿಟ್ಟು ತಂದು ಅಂಗೈಯಿಂದ ತಿಕ್ಕಿ, ಮೇಲ್ಮೈಯನ್ನು ಹಗುರವಾಗಿ ಒರೆಸಿದೆ. ತಗ್ಗಿನಲ್ಲಿ ಹಿಟ್ಟು ನಿಂತಿತು. ಫೋಟೋ ತೆಗೆದೆ. ಇನ್ನೂ ಸಮಾಧಾನ ಆಗಲಿಲ್ಲ. ನಮ್ಮ ಶಾಸನ ಓದುವವರು ಮಾಡುವುದು ನೆನಪಾಯಿತು. ಅವರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಒಳಗೆ ಕೂರಿಸಿ, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ನಾನು ತೆಳು ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿದೆ. ಕಪ್ಪಿನ ನಡುವೆ ಬಿಳಿಯಾಗಿ ಅಕ್ಷರ ಬಂತು. ಮೂರು ಸಾಲು: ಪೀಟರ್, ರೈಟ್, ಪೇಟೆಂಟ್. ವೃತ್ತದೊಳಗೆ: ಸಾಲಿಡ್ ರಾಟ್, ಅಂದರೆ ಗಟ್ಟಿಯಾಗಿ ಬಡಿದು ಮಾಡಿದ್ದು. ಆ ಕಾಗದ ಇಲ್ಲೇ ಇದೆ, ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿ.

ಪೀಟರ್ ರೈಟ್ ಅಂದರೆ ಇದನ್ನು ಮಾಡಿದವರ ಹೆಸರು, ಊರು ಇಂಗ್ಲೆಂಡಿನ ಡಡ್ಲಿ. ಬರ್ಮಿಂಗ್‌ಹ್ಯಾಮ್ ಹತ್ತಿರದ ಊರು. ಸುತ್ತಲೂ ಕಲ್ಲಿದ್ದಲು, ಕಬ್ಬಿಣದ ಅದಿರು. ಆ ಸೀಮೆಗೆ ಬ್ಲ್ಯಾಕ್ ಕಂಟ್ರಿ ಅಂತಲೇ ಹೆಸರು ಬಿದ್ದಿತ್ತು. ಮೊಳೆ, ಸರಪಳಿ, ಲಂಗರು, ಅಡಿಗಲ್ಲು, ಎಲ್ಲ ಅಲ್ಲಿ ಆಗುತ್ತಿತ್ತು. ಟೈಟಾನಿಕ್ ಹಡಗಿನ ಅತಿ ದೊಡ್ಡ ಲಂಗರು, ಸುಮಾರು 15 ಟನ್ ತೂಕದ್ದು, 1911ರಲ್ಲಿ ಆದದ್ದು ಡಡ್ಲಿಗೆ ಸೇರಿದ ನೆದರ್ಟನ್‌ನಲ್ಲಿ. ಅದನ್ನು 20 ಕುದುರೆ ಕಟ್ಟಿ ಎಳೆದರು. ಅಂಥ ಜಾಗದ ಮಗು ಇದು.

ಈ ಸಾಲಿಡ್ ರಾಟ್ ಅನ್ನುವ ಎರಡು ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಡೀ ಕಥೆ ಅಲ್ಲೇ ಇದೆ. ಆ ಕಾಲದಲ್ಲಿ ಉಕ್ಕು ತುಂಬಾ ದುಬಾರಿ. 70 ಕಿಲೋ ಉಕ್ಕಿನ ದಿಂಡು ಅಂದರೆ ಯಾವ ಕಮ್ಮಾರನಿಗೂ ಎಟುಕದ ಮಾತು. ಅದಕ್ಕೆ ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಬಡಿಯುವ ಮುಖಕ್ಕೆ ಮಾತ್ರ ಸುಮಾರು ಅರ್ಧ ಇಂಚಿನ ಉಕ್ಕಿನ ಹಲಗೆಯನ್ನು ಕಾಯಿಸಿ ಬೆಸೆಯುತ್ತಿದ್ದರು. ಮೈಯಾದರೂ ಒಂದೇ ತುಂಡಲ್ಲ. ಹಳೆಯ ಪದ್ಧತಿಯಲ್ಲಿ ನಡುವಿನ ದಿಂಡಿಗೆ ಕೊಂಬು ಬೇರೆ, ಹಿಂಬದಿ ಬೇರೆ, ಪಾದಗಳು ಬೇರೆ ತಂದು ಬೆಸುಗೆ ಹಾಕುತ್ತಿದ್ದರು. ಬೆಸುಗೆ ಅಂದರೆ ಈಗಿನ ವೆಲ್ಡಿಂಗ್ ಅಲ್ಲ. ಎರಡೂ ತುಂಡು ಬಿಳಿ ಕಾವಿಗೆ ಬಂದು, ಮೇಣದ ಹಾಗೆ ಮೆತ್ತಗಾದಾಗ ಬಡಿದು ಒಂದು ಮಾಡುವುದು. ಒಂದು ಬೆಸುಗೆ ಸರಿಯಾಗದಿದ್ದರೆ ಕೊಂಬೇ ಕಳಚಿ ಬೀಳುತ್ತಿತ್ತು. ಕೊಂಬು ಮುರಿದ ಹಳೆಯ ಇಂಗ್ಲಿಷ್ ಅಡಿಗಲ್ಲುಗಳು ಇವತ್ತಿಗೂ ಸಿಗುತ್ತವೆ. ಪೀಟರ್ ರೈಟ್ 19ನೇ ಶತಮಾನದ ಮಧ್ಯದಲ್ಲಿ ಪೇಟೆಂಟ್ ಪಡೆದ ವಿಧಾನದ ಹೆಮ್ಮೆ ಇದೇ: ತುಂಡುಗಳು ಕಡಿಮೆ, ಬೆಸುಗೆ ಕಡಿಮೆ. ಅದಕ್ಕೇ ಸಾಲಿಡ್ ಅನ್ನುವ ಪದ, ಅದೂ ವೃತ್ತ ಹಾಕಿ.

ಈಗ ಇಲ್ಲಿ ಸೊಂಟದ ಮುಂದೆ ಹಿಂದೆ ನೋಡಿ. ಚೌಕದ ತೂತುಗಳು ಕಾಣುತ್ತವೆ, ಒಂದೊಂದು ಇಂಚಿನವು. ಎಷ್ಟೋ ಜನ ಇದನ್ನು ನೆಲಕ್ಕೆ ಬಿಗಿಯುವ ತೂತು ಅಂದುಕೊಳ್ಳುತ್ತಾರೆ. ಅಲ್ಲ. ಕೆಂಡದಂತಿರುವ ಈ ದಿಂಡನ್ನು ಕುಲುಮೆಯಿಂದ ಎತ್ತಿ ತಿರುಗಿಸಬೇಕಲ್ವಾ? ಆಗ ಈ ತೂತಿಗೆ ಕಬ್ಬಿಣದ ಸಲಾಕೆ ಸಿಕ್ಕಿಸಿ ಹಿಡಿಯುತ್ತಿದ್ದರು. ಈ ತೂತು ಇದ್ದರೆ ಅದು ಹೆಚ್ಚಾಗಿ ಬಡಿದು ಮಾಡಿದ ಅಡಿಗಲ್ಲು.

ಹೆಸರು ಪೂರ್ತಿ ಅಳಿಸಿದ್ದರೂ ಪೀಟರ್ ರೈಟನ್ನು ಗುರುತಿಸಲು ಇನ್ನೊಂದು ಕುರುಹು ಇದೆ. ಪಾದದ ಮೇಲ್ಭಾಗ ಇಳಿಜಾರಾಗಿ ಬಂದು, ಮುಂದಿನ ಮತ್ತು ಹಿಂದಿನ ಪಾದದ ಮೇಲೆ ಒಂದು ಸಣ್ಣ ಚಪ್ಪಟೆ ಜಗಲಿ ಬಿಟ್ಟಿರುತ್ತಾರೆ. ಬೆರಳಿಟ್ಟರೆ ಗೊತ್ತಾಗುತ್ತದೆ. ಆದರೆ ಅಮೆರಿಕದ ಟ್ರೆಂಟನ್ ಅಡಿಗಲ್ಲುಗಳಲ್ಲೂ ಇಂಥದೇ ಜಗಲಿ ಇರುತ್ತದೆ, ಹಾಗಾಗಿ ತೂಕದ ಅಂಕಿಯನ್ನೂ ಜೊತೆಗಿಟ್ಟು ತೀರ್ಮಾನಿಸಿ.

ಕಾಲ ಹೇಗೆ ಹೇಳುವುದು? ಇದರಲ್ಲಿ ಇಂಗ್ಲೆಂಡ್ ಎಂಬ ಪದ ಇಲ್ಲ. 1890ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಹೊರದೇಶದ ಸಾಮಾನಿನ ಮೇಲೆ ಆ ದೇಶದ ಹೆಸರು ಇರಬೇಕು ಅಂತ. ಆಮೇಲೆ ನಿಧಾನಕ್ಕೆ ಅಡಿಗಲ್ಲುಗಳ ಮೇಲೂ ಇಂಗ್ಲೆಂಡ್ ಬರತೊಡಗಿತು. ದೇಶದ ಹೆಸರು ಇದ್ದರೆ ಆ ಕಾನೂನಿನ ನಂತರದ್ದು ಎನ್ನಲು ಅಡ್ಡಿಯಿಲ್ಲ. ಇಲ್ಲದಿದ್ದರೆ ಮಾತ್ರ ಹುಷಾರಾಗಿರಬೇಕು, ಹಿಂದೂಸ್ಥಾನಕ್ಕೆ ಬರುವ ಮಾಲಿಗೆ ಅಮೆರಿಕದ ಕಾನೂನು ಯಾಕೆ ಬೇಕು? ದುಂಡನೆಯ ತೂತು ಇದೆ. ಕುದುರೆ ಲಾಳಕ್ಕೆ ಮೊಳೆ ತೂತು ಹೊಡೆಯುವ ಜಾಗ ಅದು. 18ನೇ ಶತಮಾನದ ಅಡಿಗಲ್ಲುಗಳಲ್ಲಿ ಅದು ಇರುತ್ತಿರಲಿಲ್ಲ. ಇವೆಲ್ಲ ಸೇರಿಸಿ ಇದನ್ನು 19ನೇ ಶತಮಾನದ ಎರಡನೇ ಅರ್ಧಕ್ಕೆ ಇಡುತ್ತೇನೆ. ತೀರಾ ತಡ ಅಂದರೆ 20ನೇ ಶತಮಾನದ ಮೊದಲ ಕೆಲವು ವರ್ಷ. ಗುಜರಿಯವರ 1919 ಅಂತೂ ಅಂಕಿಯಿಂದ ಬರುವುದಿಲ್ಲ.

ಇಂಗ್ಲೆಂಡಿನ ಇನ್ನೊಂದು ದೊಡ್ಡ ಹೆಸರು ಮೌಸ್‌ಹೋಲ್. ಇಲಿಬಿಲ! ಶೆಫೀಲ್ಡಿನ ರಿವೆಲಿನ್ ನದಿಯ ದಡದ ಕುಲುಮೆ ಅದು. ಆರ್ಮಿಟೇಜ್ ಮನೆತನದವರು ನಡೆಸುತ್ತಿದ್ದರು. ನೀರಿನ ಚಕ್ರದಿಂದ ದೊಡ್ಡ ಸುತ್ತಿಗೆ ಓಡುತ್ತಿತ್ತು. ಸೊಂಟದ ಮೇಲೆ ಎಂ ಅಂಡ್ ಎಚ್ ಆರ್ಮಿಟೇಜ್, ಮೌಸ್ ಹೋಲ್ ಎಂದು ಇರುತ್ತದೆ. ನಂತರದ ಕಾಲದವಕ್ಕೆ ಒಂದು ಪುಟ್ಟ ಇಲಿಯ ಚಿತ್ರವನ್ನೂ ಒತ್ತಿದ್ದಾರೆ. ತುಕ್ಕಿನ ನಡುವೆ ಬಾಲ ಮಾತ್ರ ಕಂಡರೂ ಸಾಕು, ಬೇರೆ ಸಾಕ್ಷಿ ಬೇಡ.

ಅಮೆರಿಕದ್ದು ನಮ್ಮ ಕಡೆ ಕಮ್ಮಿ. ಹೊರದೇಶದಲ್ಲಿರುವ ನಮ್ಮವರು ಫೋಟೋ ಕಳಿಸುತ್ತಿರುತ್ತಾರೆ, ಅವರಿಗಾಗಿ ಹೇಳುತ್ತೇನೆ. ಹೇ ಬಡನ್ ಅಂತಿದ್ದರೆ ನ್ಯೂಯಾರ್ಕಿನ ಬ್ರೂಕ್ಲಿನ್. ಮುಂದಿನ ಪಾದದ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ತಲೆಕೆಳಗು ಮಾಡಿದರೆ ತಳದಲ್ಲಿ ಡಮರುಗದ ಆಕಾರದ ತಗ್ಗು. ವಜ್ರದಾಕಾರದ ಚೌಕಟ್ಟಿನೊಳಗೆ ಟ್ರೆಂಟನ್ ಎಂದಿದ್ದರೆ ಅದು ಟ್ರೆಂಟನ್ ಊರಿನದಲ್ಲ, ಒಹಾಯೋದ ಕೊಲಂಬಸ್‌ನದು. ನಿಜವಾಗಿ ಟ್ರೆಂಟನ್ ಊರಿನಲ್ಲಿ ಆಗುತ್ತಿದ್ದದ್ದು ಫಿಷರ್. ಲಂಗರು ಹಿಡಿದ ಹದ್ದಿನ ಉಬ್ಬು ಚಿತ್ರ ಇರುತ್ತದೆ. ಅದು ಎರಕದ ಕಬ್ಬಿಣದ್ದು. ಅಚ್ಚಿನೊಳಗೆ ಕಾದ ಉಕ್ಕಿನ ಹಲಗೆ ಇಟ್ಟು, ಅದರ ಮೇಲೆ ಕರಗಿದ ಕಬ್ಬಿಣ ಸುರಿದು, ಎರಡೂ ಅಲ್ಲೇ ಬೆಸೆಯುವ ಹಾಗೆ ಮಾಡುತ್ತಿದ್ದರು. 1847ರ ಪೇಟೆಂಟ್. ಬಡಿದರೆ ಸದ್ದು ಕಡಿಮೆ, ಮನೆ ಪಕ್ಕದ ಕುಲುಮೆಗೆ ಅದೇ ಅನುಕೂಲ.

ಸದ್ದಿನ ಮಾತು ಬಂತಲ್ಲ, ಕೇಳಿ. (ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ.) ದೇವಸ್ಥಾನದ ಗಂಟೆಯ ಹಾಗೆ ಎಳೆದುಕೊಂಡು ಹೋಯಿತು. ಉಕ್ಕಿನ ಮುಖ ಮೈಗೆ ಗಟ್ಟಿಯಾಗಿ ಅಂಟಿಕೊಂಡಿದೆ ಎಂದು ಅರ್ಥ. ಮುಖ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ಬರೀ ಎರಕದ ಕಬ್ಬಿಣದ ಅಡಿಗಲ್ಲು ಡಬ್ ಎನ್ನುತ್ತದೆ, ಆದರೆ ಫಿಷರ್ ಕೂಡ ಹಾಗೇ ಅನ್ನುತ್ತದೆ. ಅದಕ್ಕೆ ಸದ್ದೊಂದನ್ನೇ ನಂಬಬೇಡಿ. ಜೊತೆಗೆ ಒಂದು ಬೇರಿಂಗ್ ಗುಂಡು ಹತ್ತು ಇಂಚು ಮೇಲಿಂದ ಬಿಡಿ. ಇದರಲ್ಲಿ ಎಂಟು ಇಂಚು ಮೇಲೇರಿತು, ಕಂಡಿರಲ್ಲ? ಮುಖ ಇನ್ನೂ ಗಟ್ಟಿ. ಮೆತ್ತನೆ ಕಬ್ಬಿಣವಾದರೆ ಅರ್ಧಕ್ಕೂ ಏರುವುದಿಲ್ಲ.

ಸ್ವೀಡನ್ನಿನವು ಮತ್ತೊಂದು ಕಾಲದ ಕಥೆ ಹೇಳುತ್ತವೆ. 1856ರಲ್ಲಿ ಇಂಗ್ಲೆಂಡಿನ ಹೆನ್ರಿ ಬೆಸೆಮರ್ ಅಗ್ಗವಾಗಿ ಉಕ್ಕು ಮಾಡುವ ತನ್ನ ವಿಧಾನ ಹೇಳಿದ ಮೇಲೆ ಉಕ್ಕಿನ ಬೆಲೆ ಇಳಿಯುತ್ತಾ ಬಂತು. ಆಗ ಇಡೀ ಅಡಿಗಲ್ಲನ್ನೇ ಉಕ್ಕಿನಲ್ಲಿ ಎರಕ ಹೊಯ್ಯಲು ಸಾಧ್ಯವಾಯಿತು. ಕೋಲ್ಸ್‌ವಾ, ಸೋಡರ್‌ಫೋರ್ಸ್ ಎಂಬ ಹೆಸರುಗಳು ಕಂಡರೆ ಅವು ಸ್ವೀಡನ್ನಿನವು. ಅವುಗಳಲ್ಲಿ ಮುಖ ಬೇರೆ, ಮೈ ಬೇರೆ ಎಂಬ ಗೆರೆ ಹುಡುಕಿದರೂ ಸಿಗುವುದಿಲ್ಲ. ಜರ್ಮನ್ ಅಡಿಗಲ್ಲಿಗೆ ಸಾಮಾನ್ಯವಾಗಿ ಎರಡು ಕೊಂಬು, ಒಂದು ದುಂಡು, ಒಂದು ಚಪ್ಪಟೆ.

ಈ ಡಡ್ಲಿಯ ದಿಂಡು ಇಲ್ಲಿಗೆ ಯಾಕೆ ಬಂತು ಅನ್ನುವುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ಉತ್ತರ ಇದೆ. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ನೆಲೆಯಾಯಿತು, ಅಲ್ಲಿನ ಕುದುರೆಗಳಿಗೆ ಲಾಳ ಬೇಕಿತ್ತು. 1864ರಲ್ಲಿ ರೈಲು ಬಂತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಇಳಿಯಿತು. ಇಂಥ ಕಡೆಯ ವರ್ಕ್‌ಶಾಪುಗಳಿಗೆ ನಿಂತು ಕೆಲಸ ಮಾಡುವ ಇಂಗ್ಲಿಷ್ ಅಡಿಗಲ್ಲು ಬೇಕಾಯಿತು. ಹಾಗಾಗಿ ಮಾಡಿದವರ ಗುರುತು ಸಿಕ್ಕ ಮೇಲೂ ನಿಲ್ಲಿಸಬೇಡಿ, ಕೊಂಡವರ ಗುರುತನ್ನೂ ಹುಡುಕಿ. ಬಾಣದ ತುದಿಯಂಥ ಮೂರು ಗೆರೆ ಇದ್ದರೆ ಅದು ಬ್ರಿಟಿಷ್ ಸರ್ಕಾರದ ಸೊತ್ತು. ಎಂ, ಎಸ್, ಎಂ ಎಂಬ ಅಕ್ಷರ ಇದ್ದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಅದು ಆ ಹೆಸರಿನಲ್ಲಿ ಶುರುವಾದದ್ದು 1908ರಲ್ಲಿ. ಈ ಗುರುತುಗಳನ್ನು ಉಳಿಯಿಂದ ಒರಟಾಗಿ ಹೊಡೆದಿರುತ್ತಾರೆ, ಕಾರ್ಖಾನೆಯ ಅಚ್ಚಿನಷ್ಟು ಚಂದ ಇರುವುದಿಲ್ಲ. ಅದನ್ನೇ ಗೀರು ಅಂದುಕೊಂಡು ಉಜ್ಜಿಬಿಡುವ ಅಪಾಯ ಜಾಸ್ತಿ.

ಉಜ್ಜುವ ಬಗ್ಗೆ ನನ್ನ ಹೊಟ್ಟೆಯುರಿ ಹೇಳಲೇಬೇಕು. ಇದಕ್ಕೂ ಮೊದಲು ನನ್ನ ಹತ್ತಿರ ಇನ್ನೊಂದು ಅಡಿಗಲ್ಲು ಇತ್ತು, ಇದಕ್ಕಿಂತ ಚಿಕ್ಕದು. ನನಗೆ ಆಗ ಏನೂ ಗೊತ್ತಿರಲಿಲ್ಲ. ಕ್ಲೀನ್ ಮಾಡಿಕೊಡಿ ಎಂದು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡೂ ಪಕ್ಕಕ್ಕೆ ಗ್ರೈಂಡರ್ ಹಾಕಿದ್ದರು. ಮುಖವನ್ನೂ ಸಮ ಮಾಡಿದ್ದರು. ಅಕ್ಷರ ಇದ್ದ ಜಾಗದಲ್ಲಿ ಈಗ ವೃತ್ತವೃತ್ತದ ಗೀರುಗಳು. ಅರ್ಧ ಇಂಚಿನ ಉಕ್ಕಿನಲ್ಲಿ ಎಷ್ಟು ಹೋಯಿತೋ, ಅಷ್ಟು ಮತ್ತೆ ಬರುವುದಿಲ್ಲ. ದಯವಿಟ್ಟು ಮುಖವನ್ನು ಸಮ ಮಾಡಿಸಲು ಹೋಗಬೇಡಿ. ನೂರು ವರ್ಷ ಬಡಿದ ತಗ್ಗಿನಲ್ಲೇ ಕೆಲಸ ಚೆನ್ನಾಗಿ ಆಗುತ್ತದೆ, ಬಾಗಿದ ಪಟ್ಟಿಯನ್ನು ನೇರ ಮಾಡಲು ಆ ತಗ್ಗೇ ಬೇಕು.

ಆ ಚಿಕ್ಕ ಅಡಿಗಲ್ಲು ಇನ್ನೂ ನನ್ನ ಹತ್ತಿರ ಇದೆ. ಅದನ್ನು ಓದುವ ಪ್ರಯತ್ನ ಬಿಟ್ಟಿಲ್ಲ. ಸೊಂಟದಲ್ಲಿ ಸಲಾಕೆಯ ತೂತು ಇದೆ, ಹಾಗಾಗಿ ಬಡಿದು ಮಾಡಿದ್ದೇ ಇರಬೇಕು. ಪಾದದ ಮೇಲೆ ಜಗಲಿ ಇಲ್ಲ, ಹಾಗಾಗಿ ಪೀಟರ್ ರೈಟ್ ಎನ್ನಲು ಮನಸ್ಸು ಬರುವುದಿಲ್ಲ. ತಕ್ಕಡಿಯಲ್ಲಿ 44 ಕಿಲೋ. ಎಡಗಡೆ ಒಂದು ಸೊನ್ನೆಯ ಕೆಳಗಿನ ಅರ್ಧ ಉಳಿದಿದೆ, ನಡುವೆ ಮೂರರ ಬಾಲ. ಸೊನ್ನೆ ಹಂಡ್ರೆಡ್‌ವೇಟ್, ಮೂರು ಕಾಲು ಅಂದರೆ 84 ಪೌಂಡ್. 44 ಕಿಲೋ ಅಂದರೆ 97 ಪೌಂಡ್. ಹಾಗಾದರೆ ಮೂರನೇ ಅಂಕಿ 13ರಿಂದ 15ರ ಆಸುಪಾಸು ಇದ್ದಿರಬೇಕು. ಇಂಗ್ಲೆಂಡಿನದೇ. ಪಾದದ ಮುಂಭಾಗದಲ್ಲಿ, ಕೊಂಬಿನ ಕೆಳಗೆ, ಗ್ರೈಂಡರ್ ಹೋಗದ ಒಂದು ಅಂಗೈಯಗಲ ಜಾಗ ಇದೆ. ದಪ್ಪ ತುಕ್ಕು ಕೂತಿದೆ. ಮೊನ್ನೆಯಷ್ಟೇ ಅದಕ್ಕೆ ಸೀಮೆಎಣ್ಣೆ ಬಟ್ಟೆ ಸುತ್ತಿ ಬಂದಿದ್ದೇನೆ. ನಾಳೆ ರಾತ್ರಿ ಬಿಚ್ಚಿ ಟಾರ್ಚ್ ಹಿಡಿಯಬೇಕು.